ಆಚೆ ಕಡೆಯ ಅರ್ಧ

ಹೆಸ್ಟರ್ ಪಾರ್ಸ್ಲೋಗೆ ಹೆತ್ತವರು ಇಟ್ಟ ಹೆಸರು ಚೆನ್ನಾಗಿಯೇ ಇತ್ತು. ಆ ಹೆಸರು ಹಿಡಿದು ಕರೆಯುವವರು ಇರಲಿಲ್ಲ, ಅಷ್ಟೆ. ಗಂಡ ವಿಲ್ಫ್ ದಿನಕ್ಕೆ ಹತ್ತಾರು ಸಲ ಕಾಲುವೆಯ ಈ ದಡದಲ್ಲಿ ನಿಂತು, ಬಾಯಿಗೆ ಎರಡೂ ಕೈ ಅಡ್ಡ ಹಿಡಿದು "ಆಚೆ ಕಡೇ!" ಎಂದು ಕೂಗುತ್ತಿದ್ದ. ಅದೇ ಅವಳ ಹೆಸರಾಯಿತು. ಗ್ಲೌಸ್ಟರ್ ಬಂದರಿಗೆ ಗೋಧಿ, ಮರ, ಎಣ್ಣೆ ಹೊತ್ತು ಹೋಗುವ ಹಡಗಿನವರೂ "ಏನಮ್ಮಾ ಆಚೆ ಕಡೆ, ಹೇಗಿದೀಯಾ?" ಎಂದು ಕೇಳುತ್ತಿದ್ದರು. ಒಮ್ಮೆ ಪಾದ್ರಿಯೂ ಬಾಯಿತಪ್ಪಿ "ಮಿಸೆಸ್ ಆಚೆ ಕಡೆ" ಎಂದುಬಿಟ್ಟ. ಚರ್ಚಿನ ಬಾಗಿಲಲ್ಲಿ ನಿಂತವರೆಲ್ಲ ನಕ್ಕರು. ಹೆಸ್ಟರ್ ನಗಲಿಲ್ಲ.

ಅವರಿಬ್ಬರೂ ನೋಡಿಕೊಳ್ಳುತ್ತಿದ್ದ ಪಿಲ್ ಸೇತುವೆ ತಿರುಗುವ ಸೇತುವೆ. ಜೋಡಿ ಬಾಗಿಲಿನ ಹಾಗೆ ಮರದ ಎರಡು ಅರ್ಧಗಳು, ದಡಕ್ಕೊಂದು. ದೂರದಲ್ಲಿ ಹಡಗು ಕೂಗಿದರೆ ಗಂಡ ಈಚೆಯ ಅರ್ಧವನ್ನು ತಿರುಗಿಸಿ ದಡಕ್ಕೆ ಸರಿಸಬೇಕು, ಹೆಂಡತಿ ಆಚೆಯ ಅರ್ಧವನ್ನು. ಹಡಗು ದಾಟಿದ ಮೇಲೆ ಎರಡನ್ನೂ ಮತ್ತೆ ನಡುನೀರಿಗೆ ತಂದು ಕೂಡಿಸಿ ಕಬ್ಬಿಣದ ಅಗುಳಿ ಜಡಿದರೆ ಅದು ರಸ್ತೆ. ಒಬ್ಬರಿಂದ ಆಗುವ ಕೆಲಸವಲ್ಲ. ಆದರೆ ಸಂಬಳ ಒಬ್ಬರಿಗೆ, ಹಿತ್ತಾಳೆ ಗುಂಡಿಯ ಕೋಟು ಒಬ್ಬರಿಗೆ, ಕ್ರಿಸ್‌ಮಸ್‌ಗೆ ಕಚೇರಿಯಿಂದ ಬರುವ ಹಂದಿತೊಡೆಯೂ ಒಬ್ಬರ ಹೆಸರಿಗೆ. ಮುಂದೆ ಎರಡು ಬಿಳಿ ಕಂಬ ನಿಲ್ಲಿಸಿದ ಆ ಪುಟ್ಟ ಮನೆ ಕೆಲಸದ ಜೊತೆಗೆ ಬಂದದ್ದು. ಹೆಂಡತಿ ಮನೆಯ ಜೊತೆಗೆ ಬಂದವಳು ಎಂದು ಕಚೇರಿಯವರ ಎಣಿಕೆ.

ನಮ್ಮ ಕಾಲುವೆಯ ಸೇತುವೆ ಮನೆಗಳಲ್ಲಿ ತಳ ಸೀಯದ ಪಾತ್ರೆ ಒಂದೂ ಇರಲಿಲ್ಲ. ಒಲೆಯ ಮೇಲೆ ಏನೇ ಇರಲಿ, ಹಡಗು ಕೂಗಿದೊಡನೆ ಹೆಸ್ಟರ್ ಓಡಬೇಕು. ಹಿಟ್ಟಿನ ಕೈಯಲ್ಲೇ ಸೇತುವೆ ದಾಟಿ, ಆಚೆ ದಡದ ಗೇಟು ಮುಚ್ಚಿ, ಅಲ್ಲಿಯ ಕಬ್ಬಿಣದ ಹಿಡಿ ಹಿಡಿದು ತನ್ನ ಅರ್ಧವನ್ನು ತಿರುಗಿಸಬೇಕು. ಒಂದರ ಹಿಂದೊಂದು ಹಡಗು ಬಂದರೆ ಮನೆಗೆ ಮರಳುವ ಮಾತೇ ಇಲ್ಲ. ಆಚೆ ದಡದಲ್ಲಿ ಒಂದು ತಗಡಿನ ಗೂಡಿತ್ತು, ಒಳಗೆ ಒಂದು ಬೆಂಚು. ಮಳೆಯಲ್ಲಿ, ಹಿಮದಲ್ಲಿ ಅವಳು ಅಲ್ಲಿ ಕುಳಿತು ನೋಡುತ್ತಿದ್ದರೆ, ಈ ದಡದಲ್ಲಿ ವಿಲ್ಫ್ ತನ್ನ ಮನೆಯ ಕಿಟಕಿಯೊಳಗೆ ಬಿಸಿ ಟೀ ಹೀರುತ್ತಿರುತ್ತಿದ್ದ. ಟೀ ಮಾಡಿಟ್ಟು ಓಡಿದವಳು ಅವಳೇ.

ವಿಲ್ಫ್ ಕೆಟ್ಟವನಲ್ಲ. ಕುಡಿದು ಬಂದು ಕೈ ಮಾಡುವವನಲ್ಲ, ಬೇರೆ ಹೆಂಗಸರ ಕಡೆ ಕಣ್ಣೆತ್ತಿ ನೋಡುವವನಲ್ಲ, ಸುಳ್ಳಂತೂ ಅವನ ಬಾಯಲ್ಲಿ ಬರುತ್ತಲೇ ಇರಲಿಲ್ಲ. ಒಂದು ಹಡಗನ್ನೂ ಕಾಯಿಸಿದವನಲ್ಲ ಎಂದು ಕಾಲುವೆಯ ಉದ್ದಕ್ಕೂ ಹೆಸರು. ಕೆಟ್ಟವನಾಗಿದ್ದರೆ ಬೈಯುವುದು ಸುಲಭವಾಗುತ್ತಿತ್ತು. ಒಳ್ಳೆಯವನು ಎಂದು ಊರೆಲ್ಲ ಹೊಗಳುವ ಗಂಡನ ಮೇಲೆ ಸಿಟ್ಟು ಬಂದರೆ ಅದನ್ನು ಎಲ್ಲಿ ಇಳಿಸುವುದು? ಹೆಸ್ಟರ್ ಸೇತುವೆಯ ಹಿಡಿಯ ಮೇಲೆ ಇಳಿಸುತ್ತಿದ್ದಳು. ಅವಳ ಅರ್ಧ ಯಾವಾಗಲೂ ಅವನದಕ್ಕಿಂತ ಮೊದಲು ತಿರುಗುತ್ತಿತ್ತು.

ಯುದ್ಧ ಮುಗಿದ ಮರುವರ್ಷ ಅವಳ ತಾಯಿ ತೀರಿಕೊಂಡಳು. ತೌರು ಇದ್ದದ್ದು ಸೆವರ್ನ್ ನದಿಯ ಆಚೆ, ಲಿಡ್ನಿಯಲ್ಲಿ. ಹಿಂದಿನ ವರ್ಷ ವಿಲ್ಫ್‌ನ ದೊಡ್ಡಪ್ಪ ಸತ್ತಾಗ ಕಚೇರಿಯವರು ಬದಲಿ ಆಳು ಕಳಿಸಿ ಅವನಿಗೆ ರಜೆ ಕೊಟ್ಟಿದ್ದರು. ಆ ದೊಡ್ಡಪ್ಪನನ್ನು ವಿಲ್ಫ್ ಸರಿಯಾಗಿ ಕಂಡವನೂ ಅಲ್ಲ. ಈಗ ಹೆಸ್ಟರ್ ಹೆತ್ತ ತಾಯಿಯ ಮಣ್ಣಿಗೆ ಹೋಗಬೇಕೆಂದಾಗ ವಿಲ್ಫ್ ಕಚೇರಿಗೆ ಹೋಗಿ ಕೇಳಿ ಬಂದ. ಬಂದವನು ಟೋಪಿ ತೆಗೆದಿಡುತ್ತ ಹೇಳಿದ:

"ಆಗಲ್ವಂತೆ. ರಜಾ ಕೊಡೋಕೆ ಅವ್ಳು ಕೆಲಸದಲ್ಲಿದ್ರೆ ತಾನೇ ಅಂದ್ರು. ಪುಸ್ತಕದಲ್ಲಿ ಹೆಸರಿಲ್ದೋರಿಗೆ ಬದಲಿ ಆಳು ಕಳಿಸೋದು ಹ್ಯಾಗೆ ಅಂತ. ಅದೂ ನಿಜಾನೇ ಅಲ್ವಾ?"

"ನಿಜಾನಾ?" ಎಂದಳು ಹೆಸ್ಟರ್.

"ಗುರುವಾರ ಗೋಧಿ ಹಡಗು ಬೇರೆ ಇವೆ. ನೀನು ಹೋದ್ರೆ ಆಚೆ ಕಡೆ ಯಾರು ನೋಡ್ತಾರೆ, ನೀನೇ ಹೇಳು."

ಗುರುವಾರ ಅವಳು ಹೋಗಲಿಲ್ಲ. ಆಚೆ ದಡದ ಆ ಗೂಡಿನ ಹತ್ತಿರ ನಿಂತರೆ ನದಿ ಕಾಣುತ್ತದೆ, ನದಿಯಾಚೆಯ ಗುಡ್ಡ ಕಾಣುತ್ತದೆ, ಗುಡ್ಡದ ಕೆಳಗೆ ಲಿಡ್ನಿ. ಅಲ್ಲಿ ಅವಳ ತಾಯಿಯನ್ನು ಮಣ್ಣಿಗಿಡುವ ಹೊತ್ತಿಗೆ ಇಲ್ಲಿ ಅವಳು ಪರದೇಶದ ಗೋಧಿಗೆ ದಾರಿ ಬಿಡುತ್ತಿದ್ದಳು. ಹಡಗಿನ ಮೇಲಿದ್ದವನೊಬ್ಬ ಎಂದಿನಂತೆ "ಏನಮ್ಮಾ ಆಚೆ ಕಡೆ!" ಎಂದು ಕೈ ಬೀಸಿದ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆ ಕಟ್ಟಿದವನು ಗಂಡಸೇ ಇರಬೇಕು. ಅವತ್ತು ಇಬ್ಬರೂ ಉಂಡರು, ಇಬ್ಬರೂ ಮಲಗಿದರು, ಬೆಳಿಗ್ಗೆ ಹೆಸ್ಟರ್ ಜೊತೆ ಅವಳ ಸಿಟ್ಟೂ ಎದ್ದಿತು.

ಆದರೂ ಅವಳು ಬಾಳಿದಳು, ಯಾಕೆಂದರೆ ಅವಳ ಹತ್ತಿರ ಒಂದು ಮಾತಿತ್ತು. ಮದುವೆಗೆ ಮುಂಚೆ, ಚರ್ಚಿನ ಟೀ ಕೂಟದಲ್ಲಿ, ಕುದಿಯುವ ನೀರು ತುಂಬಿದ ದೊಡ್ಡ ತಾಮ್ರದ ಹಂಡೆಯನ್ನು ಅವಳೊಬ್ಬಳೇ ಎತ್ತಿಕೊಂಡು ಬರುತ್ತಿದ್ದಾಗ, ಯಾವನೋ ಕೆಂಪು ಕಿವಿಯ ಹುಡುಗ ಎದುರು ನಿಂತು "ಭಾರ ಇದೆಯಾ?" ಎಂದು ಕೇಳಿದ್ದ. ಅದುವರೆಗೆ ಅವಳನ್ನು ಯಾರೂ ಹಾಗೆ ಕೇಳಿರಲಿಲ್ಲ. ವಿಲ್ಫ್ ಆಮೇಲೆ ಅಂಥ ಇನ್ನೊಂದು ಮಾತು ಆಡಲಿಲ್ಲ ನಿಜ, ಆದರೆ ಆ ಒಂದು ಮಾತಿನಲ್ಲಿ ಅವಳು ಅಷ್ಟು ವರ್ಷ ಕಳೆದಳು. ಕಾಲುವೆಯ ಗಂಡಸರು ಮಾತಿನವರಲ್ಲ, ಮನಸ್ಸಿನಲ್ಲಿ ಇರುತ್ತದೆ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಆ ಮಾತನ್ನೂ ಕಿತ್ತುಕೊಂಡವರು ಕಾಲುವೆ ಕಚೇರಿಯ ಮಿಸ್ಟರ್ ಟ್ರಿಗ್.

ಹೊಸ ಸೇತುವೆಯ ಸುದ್ದಿ ಹೊತ್ತು ಅವರು ಒಂದು ಮಧ್ಯಾಹ್ನ ಬಂದರು. ಹೆಸ್ಟರ್ ಒಣದ್ರಾಕ್ಷಿಯ ಕೇಕ್ ಮಾಡಿದ್ದಳು. ಟ್ರಿಗ್ ಎರಡು ತುಂಡು ತಿಂದು, ಬೆರಳು ನೆಕ್ಕಿಕೊಂಡು, ಹೇಳಿದರು: ಪಕ್ಕದಲ್ಲೇ ಕಬ್ಬಿಣದ್ದು ಬರುತ್ತದೆ, ಒಂದೇ ತುಂಡು, ಈಚೆ ದಡದಿಂದಲೇ ತಿರುಗುತ್ತದೆ, ಮೋಟರು ಇರುತ್ತದೆ. ಗುಂಡಿ ಒತ್ತಿದರೆ ಆಯಿತು. ಹಳೆಯ ಎರಡು ಅರ್ಧಗಳನ್ನೂ ಆಚೆಯ ಗೂಡನ್ನೂ ಕಿತ್ತುಹಾಕುತ್ತೇವೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ? ಅದುವರೆಗೆ ಹೆಸ್ಟರ್ ಕಡೆ ಅವರು ತಿರುಗಿಯೂ ನೋಡಿರಲಿಲ್ಲ. ವಿಲ್ಫ್‌ನ ತೊಡೆ ತಟ್ಟಿ ನಕ್ಕರು.

"ಇನ್ಮುಂದೆ ಒಬ್ಬನೇ ಸಾಕಪ್ಪಾ ಪಾರ್ಸ್ಲೋ. ಹಳೇ ಸಾಹೇಬರು ಇದ್ದಿದ್ರೆ ಏನನ್ನೋರೋ! ಮಿಸೆಸ್ ಪಾರ್ಸ್ಲೋ, ನಿಮಗೆ ಈ ಕತೆ ಗೊತ್ತಿದೆಯೋ ಇಲ್ವೋ. 'ಹೆಂಡ್ತಿ ಇಲ್ದೋನಿಗೆ ಸೇತುವೆ ಇಲ್ಲ ಕಣೋ, ಕ್ರಿಸ್‌ಮಸ್ ಒಳಗೆ ಒಬ್ಬಳನ್ನ ಹುಡುಕ್ಕೊಂಡು ಬಾ, ಇಲ್ದಿದ್ರೆ ಬೇರೆಯವನಿಗೆ ಕೊಡ್ತೀನಿ' ಅಂತ ಇವನಿಗೆ ಅಂದಿದ್ರಂತೆ. ಇವನು ಭಾನುವಾರ ಚರ್ಚಿಗೆ ಹೋದೋನು ಸೋಮವಾರ ಕಚೇರಿಗೆ ಬಂದು 'ಸಿಕ್ಕಿದ್ಳು ಸಾಹೇಬ್ರೇ' ಅಂದನಂತೆ! ಇವತ್ತಿಗೂ ಹೇಳ್ಕೊಂಡು ನಗ್ತೀವಿ."

ವಿಲ್ಫ್ ಕೂಡ ನಕ್ಕ. ನಕ್ಕದ್ದು ಸಾಲದು ಎಂದು, "ತುಂಬಿದ ಹಂಡೆ ಎತ್ತಿದ್ಲು ಸಾಹೇಬ್ರೇ. ಕೈ ಗಟ್ಟಿ ಇದೆ, ಆಗುತ್ತೆ ಅಂದ್ಕೊಂಡೆ" ಎಂದ.

ಹೆಸ್ಟರ್‌ಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಅವಳು ಟ್ರಿಗ್ ಸಾಹೇಬರ ಮುಂದಿದ್ದ ತಟ್ಟೆಯನ್ನು, ಅವರು ಅರ್ಧ ಕಚ್ಚಿಟ್ಟಿದ್ದ ತುಂಡಿನ ಸಮೇತ ಎತ್ತಿಕೊಂಡು ಹೊರಗೆ ಹೋಗಿ ಕೋಳಿಗಳಿಗೆ ಸುರಿದಳು. ಸಾಹೇಬರು ಟೋಪಿ ಹುಡುಕಿಕೊಂಡು ಹೊರಟರು. ಸಂಜೆ ವಿಲ್ಫ್ ಕೇಳಿದ್ದು, ಕೇಕ್ ಪೂರ್ತಿ ಹಾಕಿದೆಯಾ, ಒಂದು ಚೂರೂ ಉಳಿಸಲಿಲ್ಲವಾ ಎಂದು.

"'ಭಾರ ಇದೆಯಾ' ಅಂತ ಯಾಕೆ ಕೇಳ್ದೆ?" ಎಂದಳು ಅವಳು.

"ಯಾವಾಗ?"

"ಅವತ್ತು. ಹಂಡೆ ಎತ್ಕೊಂಡು ಬರ್ತಿದ್ದಾಗ."

"ಭಾರ ಇದ್ಯೋ ಇಲ್ವೋ ತಿಳ್ಕೊಳ್ಳೋಕೆ." ವಿಲ್ಫ್ ಬೂಟಿನ ದಾರ ಬಿಚ್ಚುತ್ತಿದ್ದ. "ಯಾವ ಕಾಲದ ಮಾತದು. ಈಗ್ಯಾಕೆ ಕೆದಕ್ತೀಯ?"

ಆಮೇಲಿನ ದಿನಗಳಲ್ಲಿ ಅವಳು ಮಾತಾಡಲಿಲ್ಲ. ಅಡುಗೆ ಮಾಡಿದಳು, ಬಟ್ಟೆ ಒಗೆದಳು, ಹಡಗು ಕೂಗಿದಾಗ ಓಡಿದಳು. ತಿರುಗಿಸುವಾಗ ಪ್ರತಿ ಸಲ ಒಂದೇ ಪ್ರಶ್ನೆ ತಲೆಯಲ್ಲಿ ಸುತ್ತುತ್ತಿತ್ತು: ನಾನು ಈ ಮನುಷ್ಯನ ಹೆಂಡತಿಯೋ, ಅಥವಾ ಇಷ್ಟು ವರ್ಷ ಬರಿಯ ಅರ್ಧ ಸೇತುವೆಯೋ? ಉತ್ತರ ಸಿಗದಿದ್ದರೆ, ಹೊಸ ಸೇತುವೆ ಬಂದ ಮೇಲೆ ಆ ಮನೆಯಲ್ಲಿ ಇರುವುದಿಲ್ಲ ಎಂದು ಅವಳು ನಿರ್ಧರಿಸಿಕೊಂಡಳು. ಮೌನ ವಿಲ್ಫ್‌ಗೆ ಹಿತವಾಗಿಯೇ ಇದ್ದಂತೆ ಕಂಡಿತು. ಅದು ಬೆಂಕಿಗೆ ಇನ್ನಷ್ಟು ಎಣ್ಣೆ ಸುರಿಯಿತು.

ಹಳೆಯ ಸೇತುವೆಯ ಕೊನೆಯ ದಿನ ಬಂತು. ಪಕ್ಕದಲ್ಲಿ ಹೊಸದು ಹಸಿರು ಬಣ್ಣ ಬಳಿದುಕೊಂಡು ನಿಂತಿತ್ತು. ಈಚೆ ದಡದಲ್ಲಿ ಟ್ರಿಗ್ ಮತ್ತು ಕಚೇರಿಯ ನಾಲ್ಕಾರು ಕೋಟುಗಳು, ವಿಲ್ಫ್‌ಗೆ ಕೊಡಲು ತಂದ ಗೋಡೆ ಗಡಿಯಾರ, ಎರಡೂ ದಡದಲ್ಲಿ ಊರವರು. ಮರ ಹೊತ್ತ ಹಡಗೊಂದು ದಾಟಿತು. ವಿಲ್ಫ್ ತನ್ನ ಅರ್ಧವನ್ನು ನಡುನೀರಿಗೆ ತಂದು ನಿಲ್ಲಿಸಿದ. ಹೆಸ್ಟರ್ ತಿರುಗಿಸಲಿಲ್ಲ. ತನ್ನ ಅರ್ಧದ ಮೇಲೆ ಕಾಲು ಇಳಿಬಿಟ್ಟು ಕುಳಿತಳು.

"ಆಚೆ ಕಡೇ!" ವಿಲ್ಫ್ ಕೂಗಿದ.

ಅವಳು ಕದಲಲಿಲ್ಲ.

"ಏ, ಆಚೆ ಕಡೇ! ತಿರುಗ್ಸು!"

"ಒಂದು ಮಾತು ಕೇಳ್ಬೇಕು. ಉತ್ತರ ಕೊಟ್ರೆ ತಿರುಗಿಸ್ತೀನಿ."

"ಮನೇಲಿ ಕೇಳು!"

"ಮನೇಲಿ ಕೇಳಿ ಆಯ್ತು."

ಆಚೆ ದಡದಲ್ಲಿ ಹಾಲಿನ ಲಾರಿ ಹಾರ್ನ್ ಹೊಡೆಯಿತು. ಆ ದಡದಲ್ಲಿ ಸೇಬಿನ ಹೆಂಡ ಮಾರುವ ಸೈಡರ್ ಅಂಗಡಿಯ ಎಡ್ನಾ ಹೇವರ್ಡ್, ಏಪ್ರನ್ನಿನಲ್ಲೇ ಓಡಿ ಬಂದವಳು, "ಸುಮ್ನಿರೋ, ಹಾಲು ಒಡೆದ್ರೆ ಚೀಸ್ ಮಾಡ್ಕೊಂಡು ತಿನ್ನು" ಎಂದು ಚಾಲಕನನ್ನು ಗದರಿಸಿದಳು. ಟ್ರಿಗ್ ದಡದ ಅಂಚಿಗೆ ಬಂದು ಗಂಟಲು ಸರಿಮಾಡಿಕೊಂಡರು.

"ಮಿಸೆಸ್ ಪಾರ್ಸ್ಲೋ, ನೀವು ಕಾಲುವೆಯ ಕೆಲಸಕ್ಕೆ ಅಡ್ಡಿ ಮಾಡ್ತಿದೀರಿ. ಇದು ಸರಿಯಲ್ಲ."

"ನಿಮ್ಮ ಪುಸ್ತಕದಲ್ಲಿ ನಾನು ಇಲ್ವಲ್ಲ ಸಾಹೇಬ್ರೇ," ಎಂದಳು ಹೆಸ್ಟರ್. "ಇಲ್ದೇ ಇರೋಳು ಅಡ್ಡಿ ಮಾಡೋದು ಹ್ಯಾಗೆ?"

ಎರಡೂ ದಡದಲ್ಲಿ ನಗೆ ಎದ್ದಿತು. ಟ್ರಿಗ್ ಹಿಂದೆ ಸರಿದರು. ಹೆಸ್ಟರ್ ಎದ್ದು ನಿಂತಳು. ಅವಳ ಧ್ವನಿ ನೀರಿನ ಮೇಲೆ ಚೆನ್ನಾಗಿ ಕೇಳುತ್ತಿತ್ತು.

"ವಿಲ್ಫ್! ಅವತ್ತು ಚರ್ಚಿನಲ್ಲಿ ನೀನು ಹೆಂಡ್ತಿ ಹುಡುಕ್ತಿದ್ಯೋ, ಆಳು ಹುಡುಕ್ತಿದ್ಯೋ? ಅಷ್ಟು ಹೇಳು."

ವಿಲ್ಫ್ ಟೋಪಿ ತೆಗೆದ, ತಲೆ ಕೆರೆದ, ಮತ್ತೆ ಹಾಕಿಕೊಂಡ. ಬೇರೆ ಯಾವ ಗಂಡಸಾದರೂ ಆ ಹೊತ್ತಿಗೆ ಒಂದು ಸುಳ್ಳು ಹೇಳಿ ಬಚಾವಾಗುತ್ತಿದ್ದ. ಇವನಿಗೆ ಅದೂ ಬರುತ್ತಿರಲಿಲ್ಲ. ಅವನ ತುಟಿ ಅಲುಗಿತು.

"ಕೇಳಿಸ್ಲಿಲ್ಲ!"

"ಆಳು ಕಣೇ!" ವಿಲ್ಫ್ ಕೂಗಿಯೇ ಬಿಟ್ಟ. "ಸೇತುವೆಗೆ ಆಳು ಬೇಕಿತ್ತು! ಐವಿ ಟಕ್‌ನ ಮೊದ್ಲು ಕೇಳ್ದೆ, ಅವ್ಳು ಒಲ್ಲೆ ಅಂದ್ಲು! ಸಾಕಾ?"

ಯಾರೂ ನಗಲಿಲ್ಲ. "ಪುಣ್ಯ ಮಾಡಿದ್ಲು ಐವಿ," ಎಂದಳು ಎಡ್ನಾ ಮೆಲ್ಲಗೆ.

"ಹಾಗಿದ್ರೆ ಸರಿ," ಎಂದಳು ಹೆಸ್ಟರ್. "ಆಳಿನ ಕೆಲಸ ಇವತ್ತಿಗೆ ಮುಗೀತು."

ಅವಳು ಹಿಡಿ ಹಿಡಿದು ತನ್ನ ಅರ್ಧವನ್ನು ತಿರುಗಿಸಿದಳು. ಅದು ಎಂದಿನ ಹಾಗೆ ಕೂದಲೆಳೆಯಷ್ಟೂ ತಪ್ಪದೆ ಹೋಗಿ ಕೂಡಿತು. ವಿಲ್ಫ್ ಅಗುಳಿ ಜಡಿದ. ಹಾಲಿನ ಲಾರಿ ಹೋಯಿತು, ಸೈಕಲ್‌ಗಳು ಹೋದವು. ವಿಲ್ಫ್ ನಡುಸೇತುವೆಯಲ್ಲಿ ನಿಂತು ಅವಳು ಬರುತ್ತಾಳೆಂದು ಕಾದ. ಹೆಸ್ಟರ್ ಗೂಡಿನಿಂದ ತನ್ನ ಕೋಟು ತೆಗೆದುಕೊಂಡು, ಹಿಂದೆ ತಿರುಗದೆ, ಎಡ್ನಾಳ ಜೊತೆ ಸೈಡರ್ ಅಂಗಡಿಯ ಕಡೆ ನಡೆದಳು.

ಅಂಗಡಿಯ ಮೇಲೆ ಒಂದು ಕೋಣೆ ಖಾಲಿ ಇತ್ತು. ಕೆಳಗಿನ ಅಡುಗೆಮನೆಯಲ್ಲಿ ಕೆಲಸವೂ ಇತ್ತು. ಎಡ್ನಾ ಶನಿವಾರ ಕೂಲಿ ಕೊಟ್ಟಾಗ "ತಗೋ ಹೆಸ್ಟರ್" ಎಂದಳು. ಹೆಸ್ಟರ್ ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ನಿಂತು ಬಂದಳು. ಈಚೆ ದಡದವರು ಈ ವಯಸ್ಸಿನಲ್ಲಿ ಅವಳಿಗೆ ತಲೆ ಕೆಟ್ಟಿದೆ ಎಂದರು. ಒಳ್ಳೆಯ ಗಂಡ, ಒಂದು ಪೆಟ್ಟು ಹೊಡೆದವನಲ್ಲ ಎಂದರು. ಹೊಡೆಯದಿರುವುದೇ ಗಂಡನ ಗುಣವಾದರೆ ಬೇಲಿಯ ಗೂಟವೂ ಒಳ್ಳೆಯ ಗಂಡನೇ. ಕಾಲುವೆಯ ಉದ್ದಕ್ಕೂ ಉಳಿದ ಸೇತುವೆಗಳ ಹೆಂಗಸರು ಮಾತ್ರ ಬಾಯಿ ಬಿಡದೆ, ಸಂತೆಗೆ ಹೋಗುವ ನೆಪದಲ್ಲಿ ಬಂದು ಅವಳ ಮುಂದೆ ನಾಲ್ಕಾರು ಮೊಟ್ಟೆ, ಒಂದು ಬಾಟಲಿ ಪ್ಲಮ್ ಜಾಮ್ ಇಟ್ಟು ಹೋದರು.

ವಿಲ್ಫ್ ಕೆಲವು ದಿನ ಬಿಟ್ಟು ಬಂದ. ಅಡುಗೆಮನೆಯ ಬಾಗಿಲಲ್ಲಿ ನಿಂತು, "ಟೀ ಪುಡಿ ಎಲ್ಲಿದೆ?" ಎಂದು ಕೇಳಿದ.

"ಅಂಗಡೀಲಿದೆ."

ಇನ್ನೊಮ್ಮೆ ಕಾಲುಚೀಲ ಹಿಡಿದುಕೊಂಡು ಬಂದ. "ತೂತಾಗಿದೆ."

"ಕಾಲು ನೆಟ್ಟಗಿದೆ ತಾನೇ? ಬಂದ ದಾರೀಲಿ ನಡಿ."

ಮಾರ್ಚ್ ತಿಂಗಳಲ್ಲಿ ಸೆವರ್ನ್ ನದಿಗೆ ಮರಿ ಹಾವುಮೀನು ಬಂದಾಗ ಒಂದು ಬಕೆಟ್ ತುಂಬ ಹಿಡಿದು ತಂದ. "ನಿಂಗಿಷ್ಟ ಅಂತ ತಂದೆ."

"ನಂಗಿಷ್ಟ ಅಂತಾನೋ, ಮೊಟ್ಟೆ ಹಾಕಿ ಹುರಿದು ಬಡಿಸ್ಲಿ ಅಂತಾನೋ?"

ವಿಲ್ಫ್ ಯೋಚಿಸಿದ. "ಹುರಿದು ಬಡಿಸ್ಲಿ ಅಂತಾನೂ ಇತ್ತು," ಎಂದು ಒಪ್ಪಿಕೊಂಡ.

"ಬಕೆಟ್ ಎತ್ಕೊಂಡು ಹೋಗು."

ಅಂಗಡಿಯಲ್ಲಿ ಕುಡಿಯುತ್ತ ಕುಳಿತವರು ಬಿದ್ದು ಬಿದ್ದು ನಕ್ಕರು. ಪಾರ್ಸ್ಲೋ ಹೆಂಡತಿಯ ಮನೆಗೆ ಮೀನು ಮಾರಲು ಹೋಗುತ್ತಾನೆ ಎಂದು ಒಂದು ಮಾತೇ ಹುಟ್ಟಿತು. ಹೆಸ್ಟರ್‌ಗೆ ಆ ನಗೆಯೂ ಬೇಡವಾಗಿತ್ತು. ಬರುವುದೆಲ್ಲ ಕೆಲಸಕ್ಕೇ ಬರುತ್ತಾನಲ್ಲ ಎಂದು ಅವಳು ಎಡ್ನಾಳ ಮುಂದೆ ಕುದಿದಳು. ಒಂದು ಸಲ, ಒಂದೇ ಒಂದು ಸಲ, ಕೈಯಲ್ಲಿ ಏನೂ ಇಲ್ಲದೆ ಬರಲಿ ನೋಡೋಣ.

ಏಪ್ರಿಲ್‌ನ ಒಂದು ಬುಧವಾರ ಅವನು ಹಾಗೇ ಬಂದ. ಭಾನುವಾರದ ಕೋಟು ಹಾಕಿದ್ದ, ಬೂಟಿಗೆ ಪಾಲಿಶ್ ಬಳಿದಿದ್ದ, ಕೈ ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿ ಮತ್ತೆ ತೆಗೆದ. ಹೆಸ್ಟರ್ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಏನು ಬೇಕು?"

"ಏನೂ ಬೇಡ."

"ಟೀ ಪುಡಿ ಮುಗೀತಾ?"

"ಇದೆ."

"ಕಾಲುಚೀಲ?"

"ಹೊಲ್ಕೊಂಡೆ. ಕೆಟ್ಟದಾಗಿದೆ, ಆದ್ರೂ ಆಗುತ್ತೆ."

"ಆ ನಿನ್ನ ಹೊಸ ಸೇತುವೆ ಕೆಟ್ಟಿರ್ಬೇಕು. ಆಳು ಬೇಕಾಗಿದೆ."

"ಕೆಟ್ಟಿಲ್ಲ. ಗುಂಡಿ ಒತ್ತಿದ್ರೆ ತಿರುಗುತ್ತೆ. ಅದಕ್ಕೆ ಯಾರೂ ಬೇಕಾಗಿಲ್ಲ."

ಅವಳು ಚಾಕು ಕೆಳಗಿಟ್ಟಳು. "ಮತ್ತೆ ಯಾಕೆ ಬಂದೆ?"

ಆಗಲೇ ದೂರದಿಂದ ಹಡಗು ಕೂಗಿತು. ವಿಲ್ಫ್ ಅಭ್ಯಾಸಬಲದಿಂದ ಕಾಲುವೆಯ ಕಡೆ ತಿರುಗಿದ, ಒಂದು ಕಾಲು ಹೊರಗಿಟ್ಟ. ಹೋದ, ಇನ್ನೇನು ಹೋದ ಎಂದುಕೊಂಡಳು ಹೆಸ್ಟರ್. ಅವಳ ಬಾಯಲ್ಲಿ ಬೈಗುಳ ಸಿದ್ಧವಾಗಿತ್ತು. ವಿಲ್ಫ್ ಆ ಕಾಲನ್ನು ಒಳಗೆ ತೆಗೆದುಕೊಂಡ. ಹಡಗು ಮತ್ತೆ ಕೂಗಿತು, ಈ ಸಲ ಉದ್ದವಾಗಿ. ಅವನು ಅಲ್ಲೇ ನಿಂತಿದ್ದ, ಕಿವಿಯ ತನಕ ಕೆಂಪಾಗಿ.

"ಈಗ ನೀನು ಯಾವ ಕೆಲಸಕ್ಕೂ ಬೇಕಾಗಿಲ್ಲ ಹೆಸ್ಟರ್," ಎಂದ. "ಅದಕ್ಕೇ ಬಂದೆ."

ಅವಳಿಗೆ ಅಳು ಬಂತು. ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಇಷ್ಟು ಹೇಳಲು ಈ ಮನುಷ್ಯನಿಗೆ ಒಂದು ಇಡೀ ಆಯುಸ್ಸು ಬೇಕಾಯಿತಲ್ಲ, ತನ್ನ ಕೂದಲೆಲ್ಲ ಹಣ್ಣಾಗಬೇಕಾಯಿತಲ್ಲ! ಎದುರಿಗಿದ್ದ ಆಲೂಗಡ್ಡೆಯನ್ನು ಅವನ ಎದೆಗೆ ಗುರಿಯಿಟ್ಟು ಎಸೆದಳು. ಅದು ಭಾನುವಾರದ ಕೋಟಿಗೆ ತಾಗಿ ಕೆಳಗೆ ಬಿತ್ತು. ಅವನು ಬಗ್ಗಿ ಅದನ್ನು ಎತ್ತಿ ಮೇಜಿನ ಮೇಲಿಟ್ಟ. ಹಡಗಿನವರು ಮೂರನೆಯ ಸಲ ಕೂಗಿಸಿ, ಜೊತೆಗೆ ಬಾಯಲ್ಲೂ ಏನೇನೋ ಕೂಗುತ್ತಿದ್ದರು.

"ಹೋಗು, ಕರೀತಿದಾರೆ," ಎಂದಳು ಹೆಸ್ಟರ್. "ನಾಳೆ ಬಾ. ನಾಡಿದ್ದೂ ಬಾ. ಬರ್ತಾನೇ ಇರು. ಸಿಟ್ಟು ಇಳಿದ ದಿನ ನಾನೇ ಹೇಳ್ತೀನಿ."